ಕವಿತಳ ನಾಲ್ಕು ಮೊಟ್ಟೆ

೧೬ ಜನವರಿ ೨೦೦೮, ಬುಧವಾರ

ಈ ಡೈರಿ ಬ್ಲೀಚಿಂಗ್ ಪೌಡರ್ ಮಾರುವವರು ನಮ್ಮ ರೇಷ್ಮೆ ಮೊಟ್ಟೆ ಕೇಂದ್ರಕ್ಕೆ ಕೊಟ್ಟು ಹೋಗಿದ್ದು. ಯಾರೂ ಮುಟ್ಟಲಿಲ್ಲ, ನಾನು ಮನೆಗೆ ತಂದೆ. ದಿಬ್ಬೂರಹಳ್ಳಿ ಸ್ಕೂಲಲ್ಲಿ ಏಳನೇ ಕ್ಲಾಸಿಗೆ ನಿಂತ ಅಕ್ಷರ ನನ್ನದು. ಆದರೂ ತುಕ್ಕು ಹಿಡಿದಿಲ್ಲ. ಹದಿನೆಂಟು ವರ್ಷದಿಂದ ಶಿಡ್ಲಘಟ್ಟದ ಕೇಂದ್ರದಲ್ಲಿ ರೇಷ್ಮೆ ಚಿಟ್ಟೆ ಪರೀಕ್ಷೆಯ ಪುಸ್ತಕ ಬರೆಯುವವಳು ನಾನೇ. ಅಲ್ಲಿ ಬರೆಯೋದು ಎರಡೇ ಮಾತು: ರೋಗ ಇದೆ, ರೋಗ ಇಲ್ಲ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯಬಹುದು.

ಸಂಕ್ರಾಂತಿ ಎಳ್ಳು ಕೊಡೋ ನೆಪದಲ್ಲಿ ತಂಗಿ ಕವಿತ ಚಿಂತಾಮಣಿಯಿಂದ ಬಂದಿದ್ದಳು. ಎಳ್ಳು ಕೊಟ್ಟಳು, ಕೂತಳು, ಎದ್ದಳು, ಮತ್ತೆ ಕೂತಳು. ಆಮೇಲೆ ಬಾಯಿಬಿಟ್ಟಳು.

"ಅಕ್ಕ, ಇನ್ನೊಂದ್ಸಲ ನೋಡ್ತೀವಿ. ಡಾಕ್ಟರ್ ಕೈಲಿ."

ಅವಳಿಗೆ ನಲವತ್ತೊಂದು. ಎರಡು ಸಲ ಬಸಿರು ನಿಂತು ಎರಡು ಸಲವೂ ಮೂರು ತಿಂಗಳೊಳಗೆ ಹೋಯಿತು. ತಡವಾಗಿ ಮದುವೆಯಾಗಿದ್ದು, ಮೂವತ್ತಾರಕ್ಕೆ. ಗಂಡು ಕೂಡಿಬರಲಿಲ್ಲ, ಹಣೆಬರಹ, ಏನು ಮಾಡೋದು.

"ದೇವರು ಕೊಡದೆ ಇರೋದನ್ನ ಕಿತ್ಕೊಳ್ಳೋದು ಸರಿಯೇನೇ?" ಅಂದೆ.

"ದಿನಾ ಬೆಳಿಗ್ಗೆ ಗಂಡು ಚಿಟ್ಟೆ ಹೆಣ್ಣು ಚಿಟ್ಟೆ ತಂದು ಜೋಡಿ ಮಾಡ್ತೀಯಲ್ಲ, ದೇವರನ್ನ ಕೇಳ್ಕೊಂಡು ಮಾಡ್ತೀಯಾ?"

ಎದ್ದು ಒಲೆ ಹಚ್ಚಿದೆ. ಮುದ್ದೆ ಮಾಡಿ ಹಾಕಿದೆ. ಅವಳು ಹೋದ ಮೇಲೆ ಆಲಂಬಗಿರಿ ವೆಂಕಟರಮಣನಿಗೆ ಇಲ್ಲಿಂದಲೇ ಕೈಮುಗಿದೆ. ಅವಳ ಮಡಿಲಲ್ಲಿ ಕೂಸು ಬರೋತನಕ ಎಲೆ ಅಡಿಕೆ ಮುಟ್ಟಲ್ಲ ಅಂತ ಹರಕೆ. ಹೇಳಿಬಿಟ್ಟೆ. ಹೇಳಿದ ಮೇಲೆ ನೆನಪಾಯಿತು, ಈಗಷ್ಟೇ ಕಟ್ಟು ಎಲೆ ತಂದಿದ್ದೆ.

೨೩ ಜನವರಿ, ಬುಧವಾರ

ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದೆವು. ಡಾಕ್ಟರಮ್ಮನ ಹೆಸರು ಸಂಘಮಿತ್ರ. ವಾರಕ್ಕೆ ಎರಡು ದಿನ ಬೆಂಗಳೂರಿಂದ ಇಲ್ಲಿಗೆ ಬರುತ್ತಾರೆ. ಹುಟ್ಟೂರು ಗೌರಿಬಿದನೂರು, ಮಾತೆಲ್ಲ ನಮ್ಮದೇ. "ಕೂತ್ಕಳಮ್ಮ, ಭಯ ಪಡ್ಕಬೇಡ" ಅಂದಾಗಲೇ ನನಗೆ ಅರ್ಧ ಇಷ್ಟವಾದರು.

ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಹೆಣ್ಣು ಹುಟ್ಟುವಾಗಲೇ ತನ್ನ ಮೊಟ್ಟೆಯೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡೇ ಹುಟ್ಟುತ್ತಾಳೆ. ವಯಸ್ಸಾದಂತೆ ಮೊಟ್ಟೆ ಕಡಿಮೆಯಾಗುತ್ತವೆ, ಉಳಿದವೂ ಹಳೆಯವಾಗುತ್ತವೆ. ಸೂಜಿ ಕೊಟ್ಟು ಒಂದೇ ಸಲ ಹಲವನ್ನು ಬಲಿಸುತ್ತಾರೆ. ಚಿಕ್ಕ ವಯಸ್ಸಿನವರ ಅಂಡಾಶಯ ಕರೆದ ತಕ್ಷಣ ಓಗೊಡುತ್ತೆ, ನಲವತ್ತು ದಾಟಿದ್ದು ಕೂಗಿದರೂ ತಿರುಗಿ ನೋಡಲ್ಲ. ಇನ್ನೊಂದು ಮಾತು: ಕ್ರೋಮೋಸೋಮ್ ಅಂತ ಇರುತ್ತವೆ, ಜೋಡಿ ಜೋಡಿ, ಇಪ್ಪತ್ಮೂರು ಜೋಡಿ. ಹಳೆಯ ಮೊಟ್ಟೆಯಲ್ಲಿ ಈ ಲೆಕ್ಕ ತಪ್ಪುವುದು ಜಾಸ್ತಿ. ಒಂದು ಹೆಚ್ಚು ಬಂದುಬಿಡುತ್ತೆ, ಇಲ್ಲ ಒಂದು ಕಡಿಮೆ. ಲೆಕ್ಕ ತಪ್ಪಿದ ಪಿಂಡ ಸಾಮಾನ್ಯವಾಗಿ ನಿಲ್ಲಲ್ಲ. ಕವಿತಳಿಗೆ ಎರಡು ಸಲ ಹೋಗಿದ್ದು ಅದಕ್ಕೇ ಇರಬಹುದು. ಈ ಸಲ ಪಿಂಡ ಮಾಡಿ, ನೋಡಿ, ಸರಿಯಾದದ್ದನ್ನು ಮಾತ್ರ ಒಳಗೆ ಇಡೋಣ ಅಂದರು.

"ಗೊತ್ತು ಬಿಡಿ," ಅಂದೆ. "ನಮ್ಮಲ್ಲೂ ಹಂಗೇ. ಕೆಟ್ಟದ್ದು ಸಿಕ್ಕಿದ್ರೆ ಸುಟ್ಟಾಕ್ತೀವಿ."

ಡಾಕ್ಟರಮ್ಮ ನನ್ನ ಕೆಲಸ ಏನಂತ ಕೇಳಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ತೊಟ್ಟು ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ, ತಾಯಿಯಿಂದ ಮೊಟ್ಟೆಗೆ ಹತ್ತೋ ಗಂಟುರೋಗ ಇದೆಯಾ ನೋಡೋದು ಅಂತ ವಿವರಿಸಿದೆ. "ಗೂಡೊಳಗಿನ ಹುಳ ನೋಡೇ ಗಂಡೋ ಹೆಣ್ಣೋ ಹೇಳಿಬಿಡ್ತೀನಿ. ನೀವು ಯಾವಾಗ ಹೇಳ್ತೀರ?"

"ನಾನು ಹೇಳಿದ್ರೆ ನನ್ನ ಜೈಲಿಗೆ ಹಾಕ್ತಾರೆ ಕಣಮ್ಮ. ನಿಮ್ಮ ಹುಳಕ್ಕೆ ಆ ಕಾನೂನು ಇಲ್ಲ," ಅಂದರು.

ಕವಿತ ನಕ್ಕಳು. ತುಂಬ ದಿನ ಆಗಿತ್ತು ಆ ನಗು ನೋಡಿ.

೯ ಫೆಬ್ರವರಿ, ಶನಿವಾರ

ಸೂಜಿ ಶುರು. ಹತ್ತು ದಿನ, ದಿನಾ ಸಂಜೆ ಹೊಕ್ಕುಳ ಪಕ್ಕ. ಕವಿತ ಅಂಗನವಾಡಿಗೆ ರಜೆ ಹಾಕಿ ನಮ್ಮ ಮನೆಗೆ ಬಂದಿದ್ದಾಳೆ. ಸೂಜಿ ಹಾಕೋದು ಅವಳ ಗಂಡ ರಮೇಶ್‌ಬಾಬು ಅಂತ ತೀರ್ಮಾನವಾಗಿತ್ತು. ಅವನು ಕರೆಂಟ್ ಆಫೀಸಿನ ಲೈನ್‌ಮನ್, ಹನ್ನೊಂದು ಸಾವಿರ ವೋಲ್ಟಿನ ಕಂಬ ಹತ್ತುವವನು. ಸೂಜಿ ತುದಿಯಲ್ಲಿ ಹನಿ ಕಂಡಿದ್ದೇ ತಡ, ಗೋಡೆಗೆ ಒರಗಿ ಹಂಗೇ ಜಾರಿ ಕೂತ.

"ಏನ್ರೀ, ಕಂಬದ ಮೇಲೆ ಹಿಂಗೇ ಮಾಡ್ತೀರಾ?" ಅಂತ ಕವಿತ.

"ಕಂಬಕ್ಕೆ ಹೊಟ್ಟೆ ಇಲ್ಲ ಕಣೇ," ಅಂದ ಕೆಳಗಿಂದ.

ನಾನೇ ಹಾಕಿದೆ. ಹದಿನೆಂಟು ವರ್ಷ ಗಾಜಿನ ಮೇಲೆ ಅಳೆದು ಒಂದೊಂದೇ ತೊಟ್ಟು ಹಾಕಿದ ಕೈ. ಅವಳು "ಆಯ್ತಾ?" ಅಂತ ಕೇಳುವಷ್ಟರಲ್ಲಿ ಮುಗಿದಿತ್ತು.

೧೬ ಫೆಬ್ರವರಿ, ಶನಿವಾರ

ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್. ಎರಡೂ ಕಡೆ ಸೇರಿ ಮೊಟ್ಟೆ ಬಲಿಯೋ ಗುಳ್ಳೆ ಐದೇ. "ಇಪ್ಪತ್ತೈದು ವರ್ಷದಲ್ಲಿ ಇದೇ ಔಷಧಿಗೆ ಹದಿನೈದು ಇರ್ತಿತ್ತು. ಆದ್ರೂ ಐದು ಅಂದ್ರೆ ಕೆಟ್ಟದೇನಲ್ಲ," ಅಂದರು ಡಾಕ್ಟರಮ್ಮ.

ತಲೆ ನೋಯುತ್ತಿದೆ. ಎಲೆ ಅಡಿಕೆ ಇಲ್ಲದ್ದಕ್ಕೆ ಇರಬೇಕು.

೨೦ ಫೆಬ್ರವರಿ, ಬುಧವಾರ

ಬೆಂಗಳೂರಿನ ಆಸ್ಪತ್ರೆಯಲ್ಲಿ ತೆಗೆದರು. ನಾಲ್ಕು ಮೊಟ್ಟೆ. ಕವಿತ ಮಂಪರಿನಲ್ಲೇ ನಾಲ್ಕು ಬೆರಳು ತೋರಿಸಿ ನಕ್ಕಳು. ನನ್ನ ಮುಖ ಹೆಂಗಿತ್ತೋ, ನಾನೂ ನಾಲ್ಕು ಬೆರಳು ತೋರಿಸಿದೆ.

೨೧ ಫೆಬ್ರವರಿ, ಗುರುವಾರ

ಪಕ್ಕದಲ್ಲಿ ಕೂತು ಕೆಲಸ ಮಾಡೋ ಕದಿರಮ್ಮನಿಗೆ ಹೇಳದೆ ಇರಲಾಗಲಿಲ್ಲ. ಕೇಂದ್ರವೆಲ್ಲ ಕೇಳುವಂತೆ ಕೂಗಿದಳು: "ನಾಲ್ಕೇನಾ? ನಮ್ಮ ಚಿಟ್ಟೆ ಒಂದೇ ರಾತ್ರಿಗೆ ನಾನೂರು ಇಡ್ತದೆ!"

"ಊರ್ಕೋವೇ," ಅಂದೆ ತೆಲುಗಿನಲ್ಲಿ, ಸುಮ್ಮನಿರು ಅಂತ. ಅವಳಿಗೆ ಬೈಗುಳ ತೆಲುಗಿನಲ್ಲಿ ಹೇಳಿದರೇ ನಾಟೋದು. "ನಾನೂರು ಇಟ್ಟು ಏನು ಮಾಡ್ತೀಯ, ಒಂದರ ಹೆಸರೂ ನಿನಗೆ ಗೊತ್ತಿಲ್ಲ."

ಹೇಳಿದ ಮೇಲೆ ನನಗೇ ಆಶ್ಚರ್ಯ. ಮೊಟ್ಟೆಗೆ ಹೆಸರೇನು?

ಸಂಜೆ ಡಾಕ್ಟರಮ್ಮ ಫೋನ್ ಮಾಡಿದ್ದರಂತೆ. ಮೂರು ಪಿಂಡವಾಗಿವೆ. ಒಂದು ಮೊಟ್ಟೆ ಕೂಡಲಿಲ್ಲ.

೨೨ ಫೆಬ್ರವರಿ, ಶುಕ್ರವಾರ

ಇವತ್ತು ಮುನ್ನೂರು ಚಿಟ್ಟೆ ಅರೆದೆ. ನೂರೋ ನೂರಹತ್ತೋ ಆಗುವಾಗ ಕೈ ನಿಂತುಹೋಯಿತು. ನಾಳೆ ಕವಿತಳ ಪಿಂಡಗಳ ಪರೀಕ್ಷೆ. ನಮ್ಮಲ್ಲಿ ಪರೀಕ್ಷೆ ಅಂದರೆ ಪರೀಕ್ಷೆಗೆ ಸಿಕ್ಕಿದ್ದು ಉಳಿಯಲ್ಲ. ತಾಯಿಯನ್ನು ಅರೆಯದೆ ಮೊಟ್ಟೆಯ ಯೋಗಕ್ಷೇಮ ತಿಳಿಯಲ್ಲ. ಈ ದಡ್ಡಿಗೆ ಇದು ಒಂದು ತಿಂಗಳು ಹೊಳೆಯಲಿಲ್ಲವಲ್ಲ!

ಅಂಗಡಿಗೆ ಓಡಿ, ಕವಿತಳಿಗಲ್ಲ, ನೇರ ಡಾಕ್ಟರಮ್ಮನಿಗೇ ಫೋನ್ ಮಾಡಿದೆ. "ಪರೀಕ್ಷೆ ಬೇಡಿ ತಾಯಿ. ಅರೀಬೇಡಿ. ಮೂರನ್ನೂ ಹಂಗೇ ಇಟ್ಬಿಡಿ."

ಅವರು ನಗಲಿಲ್ಲ, ಅದಕ್ಕೇ ಅವರ ಮೇಲೆ ಭಕ್ತಿ. "ಇಲ್ಲಮ್ಮ, ಅರೆಯಲ್ಲ. ನಾಳೆಗೆ ಒಂದೊಂದು ಪಿಂಡದಲ್ಲೂ ಏಳೆಂಟು ಜೀವಕಣ ಇರ್ತವೆ. ಒಂದೇ ಒಂದು ಕಣ ತೆಗೀತೀವಿ, ಮಿಕ್ಕವು ಬೆಳೀತಾ ಹೋಗ್ತವೆ. ಅಪಾಯ ಸ್ವಲ್ಪ ಇದೆ, ಇಲ್ಲ ಅಂತ ಸುಳ್ಳು ಹೇಳಲ್ಲ. ಮತ್ತೆ, ಆ ಕಣಕ್ಕೆ ನಾವು ಹಾಕೋ ಬಣ್ಣದಲ್ಲಿ ಕಾಣೋ ಕ್ರೋಮೋಸೋಮ್ ಒಂಬತ್ತು ಜೋಡಿ, ಇಪ್ಪತ್ಮೂರೂ ಅಲ್ಲ. ಸರಿ ಇದೆ ಅಂದ್ರೂ ಪೂರ್ತಿ ಗ್ಯಾರಂಟಿ ಇಲ್ಲ. ಇದೆಲ್ಲ ನಿಮ್ಮ ತಂಗಿಗೆ ಗೊತ್ತು. ಯೋಚನೆ ಮಾಡೇ ಒಪ್ಪಿದಾಳೆ."

"ತಾಯಿಗೆ ಏನೂ ಮಾಡಲ್ಲ ತಾನೆ?"

"ತಾಯಿ ಚಿಂತಾಮಣಿಯಲ್ಲಿ ಆರಾಮಾಗಿ ಇದಾಳೆ, ಈಗಷ್ಟೇ ಮಾತಾಡಿದೆ. ಬೋಂಡ ತಿಂತಿದ್ಲು."

೨೪ ಫೆಬ್ರವರಿ, ಭಾನುವಾರ

ಆಲಂಬಗಿರಿಗೆ ಹೋಗಿದ್ದೆ. ಗುಡಿಯಲ್ಲಿ ನಿಂತು ವೆಂಕಟರಮಣನಿಗೆ ಒಂದು ವಿಷಯ ಹೇಳಿದೆ. ಇಲ್ಲೂ ಬರೆಯುತ್ತೇನೆ. ಡೈರಿ ಶುರುವಿನಲ್ಲಿ ಗಂಡು ಕೂಡಿಬರಲಿಲ್ಲ ಅಂತ ಬರೆದಿದ್ದೆ. ಅದು ಸುಳ್ಳು.

ನನ್ನವರು ತೀರಿಹೋದಾಗ, ಈಗ ಮದುವೆಯಾಗಿ ಹೋಗಿರುವ ನನ್ನ ಮಗಳಿಗೆ ಮೂರು ವರ್ಷ. ಕವಿತಳಿಗೆ ಇಪ್ಪತ್ಮೂರು. ನಾನು ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ, ಮಗುವನ್ನು ನೋಡಿಕೊಂಡವಳು ಕವಿತ. ಮರುವರ್ಷ ಕೆಂಚಾರ್ಲಹಳ್ಳಿಯಿಂದ ಒಂದು ಸಂಬಂಧ ಬಂತು. ಮೇಷ್ಟ್ರು ಹುಡುಗ. ಬಂದು ನೋಡಿದರು, ಒಪ್ಪಿದರು. ಹೇಳಿ ಕಳಿಸಿದ್ದು ನನ್ನ ಹತ್ತಿರ. ಇವಳು ಹೋದರೆ ಮಗು ಗತಿಯೇನು ಅನ್ನಿಸಿತು. ಅವರಿಗೆ "ಹುಡುಗಿಗೆ ಇಷ್ಟವಿಲ್ಲ" ಅಂದೆ. ಇವಳಿಗೆ "ಅವರು ಒಪ್ಪಲಿಲ್ಲ" ಅಂದೆ. ಅವತ್ತು ಅವಳು ನನ್ನ ಮಗಳಿಗೆ ಎರಡು ಜಡೆ ಹಾಕಿದಳು. ಆ ಮೇಲೆ ಹನ್ನೆರಡು ವರ್ಷ ಹಂಗೇ ಹೋಯಿತು.

ಇಪ್ಪತ್ತೈದರಲ್ಲಿ ಆಗಿದ್ದರೆ ಹದಿನೈದು ಗುಳ್ಳೆ, ಅಂದಿದ್ದರಲ್ಲ ಡಾಕ್ಟರಮ್ಮ.

ದೇವರಿಗೆ ಹೇಳಿದ್ದಾಯಿತು. ಆದರೆ ಮೋಸ ಮಾಡಿದ್ದು ದೇವರಿಗಲ್ಲ.

೨೫ ಫೆಬ್ರವರಿ, ಸೋಮವಾರ

ರಮೇಶ್‌ಬಾಬುವಿನ ಸ್ನೇಹಿತನ ಜೀಪಿನಲ್ಲಿ ಬೆಂಗಳೂರಿಗೆ ಹೋದೆವು. ಡಾಕ್ಟರಮ್ಮ ಒಳಗೆ ಕರೆದರು. ಮೂರರಲ್ಲಿ ಒಂದಕ್ಕೆ, ಎರಡಿರಬೇಕಾದ ಕಡೆ ಮೂರಿದೆ. ಇನ್ನೊಂದಕ್ಕೆ ಒಂದು ಕಡಿಮೆ. ಮೂರನೇದು ಸರಿ. ನೋಡಿದಷ್ಟು ಮಟ್ಟಿಗೆ ಸರಿ. ಮೊನ್ನೆ ತೆಗೆದ ಅದರ ಫೋಟೋ ಕೊಟ್ಟರು. ಸಿಪ್ಪೆ ಸುಲಿದ ಸೀತಾಫಲದ ಹಾಗೆ ದುಂಡಗೆ, ಎಂಟು ತೊಳೆ. ಹದಿನೆಂಟು ವರ್ಷ ಗಾಜಿನ ಕೆಳಗೆ ಏನೇನೋ ನೋಡಿದ್ದೇನೆ. ಇಂಥದ್ದು ನೋಡಿರಲಿಲ್ಲ.

ಆ ಎರಡನ್ನು ಏನು ಮಾಡುತ್ತೀರ ಅಂತ ಕೇಳದೆ ಬಂದೆ. ಸಂಜೆ ಮನೆಗೆ ಬಂದು ಎರಡು ದೀಪ ಜಾಸ್ತಿ ಹಚ್ಚಿದೆ.

ನಡುವೆ ನಡೆದದ್ದೂ ಬರೆಯಬೇಕು. ಆ ಸರಿಯಾದ ಪಿಂಡ ಇಡಲು ಅವಳನ್ನು ಒಳಗೆ ಕರೆಯೋಕೆ ಇನ್ನೂ ಅರ್ಧ ಗಂಟೆ ಇತ್ತು. ಆ ಒಂದರ ಮೇಲೆ ನನ್ನ ಪಾಪ ಕೂರಬಾರದು ಅನ್ನಿಸಿಬಿಟ್ಟಿತು. ಬೆಂಚಿನ ಮೇಲೆ ಕೂತಿದ್ದವಳಿಗೆ ಕೆಂಚಾರ್ಲಹಳ್ಳಿ ಮಾತು ಪೂರ್ತಿ ಹೇಳಿದೆ.

ಕವಿತ ನನ್ನನ್ನು ನೋಡಿದಳು. "ನಾನು ಕಪ್ಪಗಿದ್ದೀನಿ ಅಂತ ಅವರು ಬೇಡ ಅಂದ್ರು ಅಂದ್ಕೊಂಡಿದ್ದೆ ಅಕ್ಕ. ಹದಿನೇಳು ವರ್ಷ ಹಂಗೇ ಅಂದ್ಕೊಂಡಿದ್ದೆ," ಅಂದಳು. ನರ್ಸ್ ಹೆಸರು ಕೂಗಿದಳು. ಎದ್ದು ಹೋದಳು.

"ಇವತ್ತೇ ಹೇಳಬೇಕಿತ್ತಾ ಅತ್ತಿಗೆ?" ಅಂದ ರಮೇಶ್‌ಬಾಬು. ಅವನು ನನಗೆ ಎದುರು ಮಾತಾಡಿದ್ದು ಇದೇ ಮೊದಲು. ಸರಿಯಾಗೇ ಹೇಳಿದ.

ಹದಿನೈದು ದಿನ ನಮ್ಮ ಮನೆಯಲ್ಲಿ ಇರೋದು ಅಂತ ಮಾತಾಗಿತ್ತು. ಜೀಪು ಚಿಂತಾಮಣಿಯಲ್ಲೇ ನಿಂತಿತು. ಅವಳು ಇಳಿದಳು. ನಾನು ಬಸ್ಸಿಗೆ ಬಂದೆ.

೨೭ ಫೆಬ್ರವರಿ, ಬುಧವಾರ

ಅವಳಿಗೆ ಅಂತ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿಟ್ಟ ಕೋಣೆ ಖಾಲಿ ಇದೆ. ಫೋಟೋ ನನ್ನ ಕೈಚೀಲದಲ್ಲೇ ಉಳಿದುಹೋಗಿದೆ.

ಮರಿಹುಳ ಮೊಟ್ಟೆಯೊಡೆದು ಹೊರಡುವುದಕ್ಕೆ ಎರಡು ದಿನ ಮುಂಚೆ ಮೊಟ್ಟೆಯನ್ನು ನಾವು ಕಪ್ಪು ಕಾಗದದಲ್ಲಿ ಸುತ್ತಿಡುತ್ತೇವೆ. ಕತ್ತಲಲ್ಲಿ ಅವಸರದ್ದು ಕಾಯುತ್ತೆ, ನಿಧಾನದ್ದು ಬಂದು ಸೇರುತ್ತೆ. ಆ ದಿನ ಬೆಳಿಗ್ಗೆ ಬಿಚ್ಚಿ ಬೆಳಕಿಗೆ ಇಟ್ಟರೆ ಒಟ್ಟಿಗೆ ಹೊರಡುತ್ತವೆ. ಕೇಂದ್ರದಿಂದ ಒಂದು ಹಾಳೆ ಕೇಳಿ ತಂದು ಫೋಟೋ ಸುತ್ತಿ ದೇವರ ಗೂಡಿನಲ್ಲಿ ಇಟ್ಟೆ. ಇಲ್ಲಿ ಇರೋದು ಒಂದೇ, ಯಾರನ್ನು ಕಾಯಬೇಕು? ಆದರೂ ಇಟ್ಟೆ.

೨೮ ಫೆಬ್ರವರಿ, ಗುರುವಾರ

ಬಂದಳು! ಬ್ಯಾಗು ಹೊತ್ತುಕೊಂಡು ಹಿಂದೆ ರಮೇಶ್‌ಬಾಬು.

"ಅಕ್ಕ, ನಾನು ಸಿಟ್ಟು ಬಿಟ್ಟು ಬಂದಿಲ್ಲ. ಇಟ್ಕೊಂಡೇ ಬಂದಿದೀನಿ. ಇವರ ಅಡುಗೆ ತಿಂದ್ರೆ ಒಳಗಿರೋದು ಓಡಿಹೋಗತ್ತೆ. ಮುದ್ದೆ ಮಾಡು, ಅವರೆಕಾಳು ಸಾರು ಮಾಡು."

ಮಾಡಿದೆ. ತಿಂದು ಕೈ ತೊಳೆದು ತೀರ್ಪು ಕೊಟ್ಟಳು. "ನಿನ್ನ ಮಗಳನ್ನ ನಾನು ಸಾಕಿದ್ದು ಹನ್ನೆರಡು ವರ್ಷ. ನಿನಗೆ ವಯಸ್ಸಾಯ್ತು ಅಂತ ಐದಕ್ಕೆ ಇಳಿಸಿದೀನಿ. ಇದು ಹುಟ್ಟಿದ್ರೆ ಐದು ವರ್ಷ ಇದರ ಉಚ್ಚೆ ಕಕ್ಕ ನೀನೇ ತೊಳೀಬೇಕು. ಅಳು ಬಂದ್ರೆ ನೀನೇ ಏಳಬೇಕು. ಒಪ್ಪಿಗೆಯಾ?"

"ಹುಟ್ಟದೆ ಇದ್ರೆ?" ಅಂದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

"ಹುಟ್ಟದೆ ಇದ್ರೆ ನನ್ನ ಸೀರೆ ಒಗಿ."

ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು. ರಮೇಶ್‌ಬಾಬು ಯಾಕೆ ಅತ್ತನೋ ಗೊತ್ತಿಲ್ಲ.

೩ ಮಾರ್ಚ್, ಸೋಮವಾರ

ಮರಿಹುಳದ ಮನೆಗೆ ಏನೇನು ನೇಮವೋ ಎಲ್ಲ ಈ ಮನೆಗೆ ಜಾರಿ ಮಾಡಿದ್ದೇನೆ. ಮಲ್ಲಿಗೆ ಬೇಡ, ಮುಖಕ್ಕೆ ಪೌಡರ್ ಬೇಡ, ಒಗ್ಗರಣೆ ಘಾಟು ಬೇಡ, ಬೀಡಿ ಸೇದಿದವರು ಒಳಗೆ ಬರಬೇಡಿ. ಕಿಟಕಿಗೆ ಒದ್ದೆ ಗೋಣಿ, ಬಾಗಿಲಿಗೆ ಸುಣ್ಣದ ಪುಡಿ, ಗೋಡೆಗೆ ಕೇಂದ್ರದ ಹಳೇ ಥರ್ಮಾಮೀಟರ್. ಎಂಬತ್ತು ಡಿಗ್ರಿ ದಾಟಿದರೆ ನೀರು ಚಿಮುಕಿಸುತ್ತೇನೆ.

"ಇನ್ನು ಹಿಪ್ಪುನೇರಳೆ ಸೊಪ್ಪು ಒಂದು ಹಾಕ್ಬಿಡು, ಮೇಯ್ತೀನಿ," ಅಂತಾಳೆ ಕವಿತ.

ಡಾಕ್ಟರಮ್ಮನಿಗೆ ಫೋನ್ ಮಾಡಿ ಚಾಡಿಯನ್ನೂ ಹೇಳಿದ್ದಾಳೆ. ಅವರು, ಗೋಣಿ ತೆಗೀರಿ, ಓಡಾಡಲಿ, ಒಗ್ಗರಣೆ ಹಾಕಿದ ಸಾರೇ ತಿನ್ನಲಿ, ಅಂದರಂತೆ. ಗೋಣಿ ತೆಗೆದೆ. ಸುಣ್ಣ ತೆಗೆದಿಲ್ಲ.

೬ ಮಾರ್ಚ್, ಗುರುವಾರ

ಶಿವರಾತ್ರಿ ಉಪವಾಸ. ಅವಳಿಗೆ ಉಪವಾಸ ಬೇಡ ಅಂದೆ, ಅವಳ ಪಾಲಿನದೂ ನಾನೇ ಮಾಡಿದೆ. ಒಂದು ಹೊಟ್ಟೆಗೆ ಎರಡು ಉಪವಾಸ.

೧೦ ಮಾರ್ಚ್, ಸೋಮವಾರ

ನಿಂತಿದೆ! ರಕ್ತ ಪರೀಕ್ಷೆಯಲ್ಲಿ ಬಂದಿದೆ!

ರಮೇಶ್‌ಬಾಬು ಕೇಳಿದ ತಕ್ಷಣ ಮುರುಗಮಲ್ಲ ದರ್ಗಾಕ್ಕೆ ಬೈಕು ಓಡಿಸಿ ಸಕ್ಕರೆಗೆ ಫಾತೆಹಾ ಓದಿಸಿ ತಂದ. ನಾನು ಊದುಬತ್ತಿ ಹಚ್ಚಿದೆ. ಕದಿರಮ್ಮನಿಗೆ ಹೇಳಿದರೆ ಅವಳು ಅರೆಯೋ ಒರಳು ಬಿಟ್ಟು ಎದ್ದು ಬಂದು ನನ್ನ ಕೆನ್ನೆ ಹಿಡಿದಳು. "ನಾನೂರು ಬೇಡ ಕಣೇ, ಒಂದೇ ಸಾಕು," ಅಂದಳು.

೨೮ ಮಾರ್ಚ್, ಶುಕ್ರವಾರ

ಚಿಕ್ಕಬಳ್ಳಾಪುರ. ಸ್ಕ್ಯಾನ್‌ನಲ್ಲಿ ಎದೆಬಡಿತ ತೋರಿಸಿದರು. ಮಿಣಕ್ ಮಿಣಕ್ ಅನ್ನುತ್ತೆ. ಎಲೆ ಅಡಿಕೆ ಹಾಕದೆ ಎಪ್ಪತ್ತೆರಡು ದಿನ.

೨೦ ಜೂನ್, ಶುಕ್ರವಾರ

ತುಂಬ ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ, ಅದೇ ಸಂತೋಷ. ಮೂರು ತಿಂಗಳು ದಾಟಿದ ದಿನ ಕವಿತ ಕ್ಯಾಲೆಂಡರ್ ಮುಂದೆ ನಿಂತುಕೊಂಡಿದ್ದಳು.

ಮೊದಲ ಪರೀಕ್ಷೆಯಲ್ಲಿ ಕಾಣದ್ದು ಉಳಿದಿತ್ತಲ್ಲ, ಅದಕ್ಕೆ ಈ ತಿಂಗಳ ಶುರುವಿನಲ್ಲಿ ಹೊಟ್ಟೆಯ ನೀರು ಒಂಚೂರು ತೆಗೆದು ನೋಡಿದರು. ಇವತ್ತು ವರದಿ ಬಂತು. ಎಲ್ಲ ಜೋಡಿಯೂ ಜೋಡಿಯಾಗೇ ಇದೆ. ವರದಿ ಓದುವಾಗಲೇ ಒಳಗಿಂದ ಒದೆಯಿತಂತೆ.

"ಅಕ್ಕ, ಇದಕ್ಕೆ ಕಾಯಕ್ಕೆ ಆಗಲ್ಲ. ನಿನ್ನ ಥರಾನೇ," ಅಂದಳು.

೩ ನವೆಂಬರ್, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಅಂದಿದ್ದರು. ನಾನು ಕಪ್ಪು ಕಾಗದ ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ. ಅವಳನ್ನು ಒಳಗೆ ಕರೆದುಕೊಂಡ ಮೇಲೆ, ವರಾಂಡದ ಕಿಟಕಿಯಲ್ಲಿ ಬಿಸಿಲು ಬೀಳೋ ಜಾಗ ನೋಡಿ, ಬಿಚ್ಚಿ, ಫೋಟೋವನ್ನು ಬೆಳಕಿಗೆ ಇಟ್ಟೆ. ಎಂಟು ತೊಳೆ, ಹಂಗೇ ಇದ್ದವು. ಕಸ ಗುಡಿಸುವವಳು "ಇದೇನಮ್ಮ, ಸೀತಾಫಲನಾ?" ಅಂದಳು. "ನಮ್ಮ ಮಗು," ಅಂದೆ. ಹೇಳಿ ಬಾಯಿ ಮುಚ್ಚಲಿಲ್ಲ, ಒಳಗಿಂದ ಅಳು ಕೇಳಿತು.

ಹೆಣ್ಣು. ಎರಡೂಮುಕ್ಕಾಲು ಕೆ.ಜಿ. ಕಪ್ಪಗಿದ್ದಾಳೆ, ಲಕ್ಷಣವಾಗಿದ್ದಾಳೆ, ಅಚ್ಚು ಅವಳಮ್ಮ. ಡಾಕ್ಟರಮ್ಮ ತಂದು ನನ್ನ ಕೈಗೆ ಹಾಕುತ್ತಾ, "ನೋಡಮ್ಮ, ಇವತ್ತು ಹೇಳಿದ್ರೆ ಯಾವ ಜೈಲೂ ಇಲ್ಲ," ಅಂದರು.

ಕವಿತ ಕಣ್ಣು ಬಿಟ್ಟ ತಕ್ಷಣ ಮಗುವನ್ನು ನೋಡಿದಳು, ನನ್ನನ್ನು ನೋಡಿದಳು, ನಾಲಿಗೆ ಇನ್ನೂ ತಡವರಿಸುತ್ತಿತ್ತು. ಐದು ಬೆರಳು ತೋರಿಸಿದಳು.

೨೩ ನವೆಂಬರ್, ಭಾನುವಾರ

ಬೆಳಿಗ್ಗೆಯಿಂದ ಹನ್ನೊಂದು ಬಟ್ಟೆ ಒಗೆದೆ. ಹರಕೆ ತೀರಿತು ಅಂತ ಆಸ್ಪತ್ರೆಯಿಂದ ಬಂದ ದಿನವೇ ಒಂದು ಕಟ್ಟು ಎಲೆ ತಂದಿಟ್ಟಿದ್ದೆ. ಇವತ್ತು ನೋಡಿದರೆ ಎಲ್ಲ ಬಾಡಿ ಹಳದಿಯಾಗಿದೆ. ಒಂದೂ ಬಾಯಿಗೆ ಹಾಕಿಲ್ಲ, ನೆನಪೇ ಆಗಿಲ್ಲ.

ಅಳ್ತಾ ಇದ್ದಾಳೆ. ಕವಿತ ಎದ್ದಿದ್ದಾಳೆ, ಆದರೂ ಏಳಲ್ಲ, ಮಂಚದಿಂದಲೇ "ಅಕ್ಕಾ..." ಅಂತಾಳೆ. ನಾನೇ ಹೋಗಬೇಕು. ಇನ್ನೂ ನಾಲ್ಕು ವರ್ಷ, ಹನ್ನೊಂದು ತಿಂಗಳು, ಹತ್ತು ದಿನ. ಬೇಗ ಕಳೆದುಹೋಗಿಬಿಡುತ್ತೆ ಅಂತಲೇ ಭಯ.